ಗೇಮ್ ಲೋಕಕ್ಕೆ ಧಾರಾವಾಹಿ ಬರೆಯುವ ಮುಂಚೆ ಕರಾರು ಕೇಳಿ

"ಕಂತಿಗೆ ಇಷ್ಟು ದುಡ್ಡು, ಆ್ಯಪ್‌ನಲ್ಲಿ ನಿಮ್ಮ ಹೆಸರೂ ಬರುತ್ತೆ" ಅಂತ ಯಾವುದಾದರೂ ಗೇಮ್ ಕಂಪನಿ ಬಾಯಿಮಾತಲ್ಲಿ ಹೇಳಿದರೆ, ದಯವಿಟ್ಟು ಬರೆಯಲು ಕೂರಬೇಡಿ. ಎಚ್‌ಎಸ್‌ಆರ್ ಲೇಔಟ್‌ನ ಒಂದು ಕಂಪನಿಯಿಂದ ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಅವರ ಗೇಮ್ ನಡೆಯುವುದು ಗುರುಗ್ರಹದ ಚಂದ್ರ ಯುರೋಪಾದಲ್ಲಿ, ಹಿಮದಡಿಯ ಕಡಲಲ್ಲಿ. ಅದೇ ಲೋಕದಲ್ಲಿ ಒಂದು ಕಿರುಕಾದಂಬರಿ, ವಾರಕ್ಕೊಂದು ಕಂತು. ನನ್ನ ನಾಯಕಿ ಅಲ್ಲಿ ಪಂಪ್ ರಿಪೇರಿ ಮಾಡುವವಳು. ಮಂಡ್ಯದಲ್ಲಿರುವ ಅಮ್ಮನಿಗೆ ಮಾತು ಕಳಿಸಿ ಉತ್ತರಕ್ಕೆ ಕಾಯುತ್ತಾಳೆ. ರೇಡಿಯೊ ಸಂದೇಶ ಅಲ್ಲಿಂದ ಭೂಮಿಗೆ ಹೋಗಿ ಬರಲು ಎಷ್ಟು ಬೇಗ ಅಂದರೂ ಒಂದು ಗಂಟೆಗಿಂತ ಜಾಸ್ತಿ ಬೇಕು. ಇಡೀ ಕತೆ ನಿಂತಿದ್ದೇ ಆ ಕಾಯುವುದರ ಮೇಲೆ.

ನಡುವೆ ಗೇಮ್‌ಗೆ ವಿಡಿಯೊ ಕಾಲ್ ಸೇರಿಸಿದರು. "ಅಮ್ಮ ಮಗಳು ಲೈವ್ ಮಾತಾಡಲಿ" ಅಂದರು. ಆಗಲ್ಲ ಅಂದೆ, ಯಾಕೆ ಅಂತಲೂ ಬಿಡಿಸಿ ಹೇಳಿದೆ. ಮುಂದಿನ ವಾರ ಆ್ಯಪ್ ತೆರೆದರೆ ನನ್ನ ಕಂತನ್ನು ಅವರೇ ತಿದ್ದಿದ್ದರು. ಅಮ್ಮ "ಹಾಯ್ ಪುಟ್ಟಾ" ಅಂತ ತಕ್ಷಣ ಉತ್ತರ ಕೊಡುತ್ತಿದ್ದಾಳೆ! ನನ್ನ ಹೆಸರಿದ್ದ ಜಾಗದಲ್ಲಿ ಕಂಪನಿಯ ಹೆಸರು. ಬಾಕಿ ದುಡ್ಡು ಕೇಳಲು ಫೋನ್ ಮಾಡಿದರೆ ಎತ್ತಲಿಲ್ಲ.

ಬೇರೆ ಕಡೆ ಪ್ರಕಟಿಸೋಣ ಅಂದರೆ ಅದೂ ಸುಲಭವಲ್ಲ. ಬರವಣಿಗೆ ನನ್ನದಾದರೂ ಆ ನೆಲೆ, ಆ ಹಡಗು, ಆ ಹೆಸರುಗಳೆಲ್ಲ ಗೇಮಿನವರದು. ದೊಡ್ಡವರಲ್ಲೂ ಹೀಗೇ ಅಲ್ವಾ. 2014ರಲ್ಲಿ ಸ್ಟಾರ್ ವಾರ್ಸ್‌ನವರು ಅಲ್ಲಿಯವರೆಗೆ ಬಂದಿದ್ದ ಕಾದಂಬರಿಗಳನ್ನು 'ಲೆಜೆಂಡ್ಸ್' ಅಂತ ಪಕ್ಕಕ್ಕಿಟ್ಟು, ಮೂಲ ಕತೆಯ ಲೆಕ್ಕದಿಂದ ಕೈಬಿಟ್ಟರು.

ಆದರೆ ಬರೆದವರಿಗೆ ಏನೂ ಹಕ್ಕಿಲ್ಲ ಅಂದುಕೊಳ್ಳಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬರೆದುಕೊಡುವುದು ಕಾಗದದಲ್ಲೇ ಆಗಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಮಾರಿದ ಮೇಲೂ ಇದು ನನ್ನ ಬರಹ ಅಂತ ಹೇಳಿಕೊಳ್ಳಲು, ನಮ್ಮ ಹೆಸರಿಗೆ ಕುಂದು ಬರುವಂತೆ ತಿರುಚಿದರೆ ತಡೆಯಲು 57ನೇ ಸೆಕ್ಷನ್ ಇದೆ. ಸಂಬಳಕ್ಕಿರುವ ನೌಕರರಾದರೆ ಹಕ್ಕಿನ ಲೆಕ್ಕ ಬೇರೆ, ಅದನ್ನು ವಕೀಲರ ಹತ್ತಿರ ಕೇಳಿಕೊಳ್ಳಿ.

ಹೆಸರು ಎಲ್ಲಿ ಬರುತ್ತೆ, ಕಂತನ್ನು ಯಾರು ತಿದ್ದಬಹುದು, ದುಡ್ಡು ಯಾವಾಗ, ಇವಿಷ್ಟೂ ಕರಾರಿನಲ್ಲಿರಲಿ. ಗೇಮ್ ನಿಂತುಹೋದರೆ ಹೆಸರು, ಜಾಗ ಬದಲಿಸಿ ಕತೆಯನ್ನು ಬೇರೆ ಕಡೆ ಪ್ರಕಟಿಸಬಹುದು ಅಂತ ಒಂದು ಸಾಲು ಹಾಕಿಸಿ. ಪ್ರತಿ ಕಂತನ್ನೂ ಇಮೇಲ್‌ನಲ್ಲೇ ಕಳಿಸಿ, ತಾರೀಖು ಸಾಕ್ಷಿಗೆ ಇರುತ್ತದೆ.

ನಾನು ವಕೀಲರಿಂದ ನೋಟಿಸ್ ಕಳಿಸಿದ್ದೇನೆ. ಅವರು ಈಗ ಹೊಸ ಬರಹಗಾರರನ್ನು ಹುಡುಕುತ್ತಿದ್ದಾರಂತೆ. ಯುರೋಪಾದ ಕತೆ ಮುಂದುವರಿಸಿ ಅಂತ ನಿಮಗೆ ಯಾರಾದರೂ ಕೇಳಿದರೆ, ಒಪ್ಪುವ ಮುಂಚೆ ನನ್ನ ಜೊತೆ ಒಂದು ಸಲ ಮಾತಾಡಿ.