9ನೇ ತಾರೀಖಿನ ತಪಾಸಣೆ: ಒಮ್ಮೆ ಸೀಜರ್ ಆದವರಿಗೆ ಎಷ್ಟು ಉಪಯೋಗ?

ಸುರಕ್ಷಿತ ಮಾತೃತ್ವ ಅಭಿಯಾನ 2016ರಲ್ಲಿ ಶುರುವಾಯಿತು. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ. ರಾಯಚೂರು ಜಿಲ್ಲೆಯಲ್ಲಿ ಇದು ಯಾರಿಗಾದರೂ ಹೆಚ್ಚು ಬೇಕಾಗಿದ್ದರೆ, ಹಿಂದಿನ ಸಲ ಬ್ಯಾನಿ ನಡುವೆ ರಕ್ತ ಹೋಗಿ, ಕಾರಣ ತಿಳಿಯದೆ ಅವಸರದಲ್ಲಿ ಸೀಜರ್ ಆದವರಿಗೆ.

ತಪ್ಪಿಸಬೇಡಿ, ಒಳ್ಳೆಯ ಸೇವೆ. ಬಿಪಿ, ಹಿಮೋಗ್ಲೋಬಿನ್, ಮೂತ್ರ ಪರೀಕ್ಷೆ ಒಂದೇ ದಿನ ಮುಗಿಯುತ್ತವೆ. ಹಿಂದೆ ಸೀಜರ್ ಆಗಿದ್ದರೆ ತಾಯಿ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಬೀಳುತ್ತದೆ. ಬೆಳಿಗ್ಗೆ ಬೇಗ ಹೋಗಿ. ಸಾಲು ಬೆಳೆದಷ್ಟೂ ಡಾಕ್ಟರು ನಿಮಗೆ ಕೊಡುವ ಸಮಯ ಕಡಿಮೆಯಾಗುತ್ತದೆ.

ಕೊರತೆ ಇರುವುದು ಕಾಗದದಲ್ಲಿ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲಿ, ಮುಂದಿನ ತಪಾಸಣೆ ಗಂಡನ ಊರಲ್ಲಿ. ಹಳೇ ಡಿಸ್ಚಾರ್ಜ್ ಕಾರ್ಡು ತವರಿನ ಟ್ರಂಕಿನಲ್ಲೇ ಉಳಿದಿರುತ್ತದೆ. ತಂದರೂ ನಾಲ್ಕು ಮಡಿಕೆ ಬಿದ್ದ ಆ ಹಾಳೆಯಲ್ಲಿ ‘ಎಮರ್ಜೆನ್ಸಿ ಎಲ್‌ಎಸ್‌ಸಿಎಸ್’ (ಅವಸರದಲ್ಲಿ ಮಾಡಿದ ಸೀಜರ್) ಅಂತ ಒಂದೇ ಸಾಲು, ಕೆಳಗೊಂದು ಸೀಲು. ರಕ್ತ ಯಾಕೆ ಹೋಯಿತು, ಎಷ್ಟು ಹೋಯಿತು ಅನ್ನುವುದೇ ಇರುವುದಿಲ್ಲ. ಮುಂದಿನ ಹೆರಿಗೆಯ ಲೆಕ್ಕಾಚಾರವೆಲ್ಲ ನಿಂತಿರುವುದು ಅದರ ಮೇಲೆ. ಹಾಗಾಗಿ ಹೆರಿಗೆಯಾದ ಆಸ್ಪತ್ರೆಗೆ ಅರ್ಜಿ ಕೊಟ್ಟು ಆಪರೇಷನ್ ನೋಟ್ಸಿನ ಪ್ರತಿ ತೆಗೆದುಕೊಳ್ಳಿ. ಅದರಲ್ಲಿ ಮೂರು ವಿಷಯ ನೋಡಬೇಕು.

ಮೊದಲನೆಯದು, ಗರ್ಭಕೋಶದ ಮೇಲಿನ ಕೊಯ್ತ. ಹೊಟ್ಟೆ ಚರ್ಮದ ಗುರುತು ಅಡ್ಡ ಇದ್ದರೂ ಒಳಗಿನದು ಉದ್ದ ಇರಬಹುದು. ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ದರೆ, ತಾನಾಗೇ ಬಂದ ಬ್ಯಾನಿಯಲ್ಲಿ ಹೊಲಿಗೆ ಬಿಡುವ ಸಾಧ್ಯತೆ ಸುಮಾರು 200ಕ್ಕೆ 1. ಪ್ರಯತ್ನಿಸಿದ 100ರಲ್ಲಿ 60ರಿಂದ 80 ಮಂದಿಗೆ ಸಹಜ ಹೆರಿಗೆ ಆಗುತ್ತದೆ. ಮೇಲ್ಭಾಗದಲ್ಲಿ ಉದ್ದ ಕೊಯ್ದಿದ್ದರೆ ಆ ಪ್ರಯತ್ನವೇ ಬೇಡ. ಎರಡನೆಯದು, ಮಾಸಿನ (ಪ್ಲಾಸೆಂಟಾ) ಸ್ಥಿತಿ. ಅದಕ್ಕೆ ಅಂಟಿದ ಹೆಪ್ಪುರಕ್ತ ಕಂಡಿದ್ದರೆ ಮಾಸು ಮೊದಲೇ ಬಿಟ್ಟುಕೊಂಡಿತ್ತು ಎಂಬ ಅನುಮಾನ. ಇದು ಮರುಕಳಿಸಬಹುದು, ಬಿಪಿ ಇದ್ದವರಲ್ಲಿ ಇನ್ನೂ ಹೆಚ್ಚು. ಮೂರನೆಯದು, ಗರ್ಭಕೋಶದ ಬಾಯಿ ಹರಿದಿತ್ತೇ, ಕೊಯ್ತ ಪಕ್ಕಕ್ಕೆ ಸೀಳಿತ್ತೇ. ಇದೆಲ್ಲ ಹುಡುಕಿಯೂ ಕಾರಣ ಸಿಗದಿರುವುದುಂಟು. ಆಗ ‘ಕಾರಣ ಸಿಕ್ಕಿಲ್ಲ’ ಅಂತಲೇ ಬರೆಸಿಕೊಳ್ಳಿ. ಖಾಲಿ ಬಿಟ್ಟ ಜಾಗಕ್ಕಿಂತ ಅದು ಎಷ್ಟೋ ಮೇಲು.

ಈ ಬಸಿರಿನ ಸ್ಕ್ಯಾನಿನಲ್ಲಿ ಕೇಳಬೇಕಾದ್ದು ಒಂದೇ: ಮಾಸು ಎಲ್ಲಿದೆ? ಹಳೇ ಹೊಲಿಗೆಯ ಮೇಲೆ, ಗರ್ಭಕೋಶದ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಅದು ಮಾಂಸಕ್ಕೆ ಕಚ್ಚಿಕೊಂಡಿರಬಹುದು. ಒಂದು ಸೀಜರ್ ಆಗಿ ಮಾಸು ಹೀಗೆ ಕೂತವರಲ್ಲಿ ಇದು ಸುಮಾರು 100ಕ್ಕೆ 11. ಅಂಥವರ ಹೆರಿಗೆ ರಕ್ತನಿಧಿ ಮತ್ತು ಅರಿವಳಿಕೆ ತಜ್ಞರು ಇರುವ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು.

ಬ್ಯಾನಿ ಶುರುವಾದಾಗ ಲೋಳೆಯ ಜೊತೆ ಎಳೆಎಳೆಯಾಗಿ ಕಾಣುವ ರಕ್ತ ಸಹಜ. ಬಟ್ಟೆ ನೆನೆಯುವಂತೆ ಕೆಂಪು ರಕ್ತ ಹೋದರೆ, ಬ್ಯಾನಿ ಬಿಟ್ಟ ನಡುವೆಯೂ ಹೊಲಿಗೆಯ ಜಾಗ ನೋಯುತ್ತಲೇ ಇದ್ದರೆ, ಬರುತ್ತಿದ್ದ ಬ್ಯಾನಿ ಒಮ್ಮೆಲೇ ನಿಂತರೆ ತಡಮಾಡದೆ 108. ಮಾಸು ಕೆಳಗಿಲ್ಲ ಅಂತ ಸ್ಕ್ಯಾನಿನಿಂದ ಖಚಿತವಾಗುವವರೆಗೆ ಒಳಗೆ ಕೈಹಾಕಿ ಪರೀಕ್ಷೆ ಮಾಡಬಾರದು. ಹಳೇ ಹೊಲಿಗೆ ಇದ್ದವರಿಗೆ ಬ್ಯಾನಿ ಬರಿಸಲು ಮಿಸೊಪ್ರೊಸ್ಟಾಲ್ ಗುಳಿಗೆ ಕೊಡಬಾರದು. ನೆಗೆಟಿವ್ ರಕ್ತದ ಗುಂಪಿನವರು ರಕ್ತ ಹೋದಾಗ, ಮುಂದಿನ ಬಸಿರಿನ ಮಗುವಿಗೆ ತೊಂದರೆಯಾಗದಂತೆ ಕೊಡುವ ಆಂಟಿ-ಡಿ ಇಂಜೆಕ್ಷನ್ 72 ಗಂಟೆಯೊಳಗೆ ಬೇಕು ಅಂತ ನೆನಪಿಸಬೇಕು.

ಸಿಂಧನೂರಿನಿಂದ ರಾಯಚೂರು 80 ಕಿ.ಮೀ.ಗಿಂತ ಹೆಚ್ಚು, ರಕ್ತ ಹೋಗುತ್ತಿರುವಾಗ ಅದು ಬಲು ದೂರ. ಕೆಂಪು ಸ್ಟಿಕ್ಕರ್ ಇದ್ದು ಮತ್ತೆ ತವರಿಗೆ ಹೋಗುವವರು ಎಂಟನೇ ತಿಂಗಳ ತಪಾಸಣೆಯಲ್ಲೇ ಯಾವ ಆಸ್ಪತ್ರೆ, ಯಾವ ಗುಂಪಿನ ರಕ್ತ ಅನ್ನುವುದನ್ನು ತಾಯಿ ಕಾರ್ಡಿನ ಮೇಲೆ ಬರೆಸಿ, ಎರಡೂ ಊರಿನ ಆಶಾ ಅಕ್ಕನಿಗೆ ಅದರ ಫೋಟೋ ಕಳಿಸಿಡಿ.