ಬೊಲೆರೊ ಮೇಲೆ ಎಚ್‌ಎಫ್ ಆಂಟೆನಾ: ಹ್ಯಾಮ್‌ಸ್ಟಿಕ್ಕಾ, ಸ್ಕ್ರೂಡ್ರೈವರಾ?

ಗಾಡಿಗೆ ಎಚ್‌ಎಫ್ (ದೂರಕ್ಕೆ ತಲುಪುವ ಶಾರ್ಟ್‌ವೇವ್ ರೇಡಿಯೋ) ಹಾಕಿಸುವ ಹ್ಯಾಮ್‌ಗಳು, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರು, ಯಾವ ಆಂಟೆನಾ ಕೊಳ್ಳಬೇಕು ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಅದನ್ನು ಎಲ್ಲಿ ಕೂರಿಸಬೇಕು, ಗಾಡಿಯ ಮೈಗೆ ಹೇಗೆ ಸೇರಿಸಬೇಕು ಅನ್ನುವುದಕ್ಕೆ ಮಾತ್ರ ಒಂದು ಭಾನುವಾರವನ್ನೂ ಕೊಡುವುದಿಲ್ಲ. ನಾನು ಎರಡು ಬಗೆಯ ಆಂಟೆನಾಗಳನ್ನು ಒಂದೇ ಬೊಲೆರೊ ಮೇಲೆ ವರ್ಷಗಟ್ಟಲೆ ಬಳಸಿದ್ದೇನೆ. ಒಂದು ಹ್ಯಾಮ್‌ಸ್ಟಿಕ್ ಬಗೆಯ ಒಂಟಿ ಬ್ಯಾಂಡ್ ಕಡ್ಡಿ, ಇನ್ನೊಂದು ಮೋಟರ್ ಇರುವ ಸ್ಕ್ರೂಡ್ರೈವರ್ ಆಂಟೆನಾ. ಎರಡರ ಬೆಲೆಗೂ ಹತ್ತು ಪಟ್ಟಿಗಿಂತ ಜಾಸ್ತಿ ಅಂತರ. ಕೆಲಸದಲ್ಲಿ ಅಷ್ಟು ಅಂತರ ಇಲ್ಲ.

ನನ್ನ ಓಡಾಟ ಹೆಚ್ಚಾಗಿ ಬೆಂಗಳೂರು–ಮಂಗಳೂರು ದಾರಿಯಲ್ಲಿ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಹತ್ತಿರದ ಮಾತಿಗೆ ಬಳಸುವ ವಿಎಚ್‌ಎಫ್ ಸೆಟ್ ಇದ್ದೂ ಇಲ್ಲದ ಹಾಗೆ. ಮೊಬೈಲ್ ಕೂಡ ಅಲ್ಲಲ್ಲಿ ಕೈಕೊಡುತ್ತದೆ. 40 ಮೀಟರ್ ಬ್ಯಾಂಡ್ (ಸುಮಾರು 40 ಮೀಟರ್ ಉದ್ದದ ತರಂಗದ ಎಚ್‌ಎಫ್) ಆದರೆ ಸಿಗ್ನಲ್ ಮೇಲಕ್ಕೆ ಹೋಗಿ ವಾತಾವರಣದ ಮೇಲಿನ ಅಯಾನುಗೋಳಕ್ಕೆ ಬಡಿದು ವಾಪಸ್ ಬರುತ್ತದೆ. ಮಧ್ಯೆ ಬೆಟ್ಟ ಇದ್ದರೂ ಚಿಂತೆಯಿಲ್ಲ. ಬೆಳಿಗ್ಗೆ ಬೆಂಗಳೂರು, ಹುಬ್ಬಳ್ಳಿ, ಮಂಗಳೂರು ಎಲ್ಲವೂ ಆರಾಮಾಗಿ ಸಿಗುತ್ತವೆ. ನಡು ಮಧ್ಯಾಹ್ನ ಅಯಾನುಗೋಳದ ಕೆಳಗಿನ ಡಿ ಪದರ ಸಿಗ್ನಲ್ ನುಂಗಿ ಹಾಕುತ್ತದೆ. ಆಗ 20 ಮೀಟರ್‌ಗೆ ಹೋಗಿ ದೂರದವರನ್ನು ಹುಡುಕುವುದೇ ಮೇಲು.

ತೊಂದರೆ ಇರುವುದು ಉದ್ದದಲ್ಲಿ. 7.1 ಮೆಗಾಹರ್ಟ್ಸ್‌ಗೆ ಕಾಲು ತರಂಗದ ಕಡ್ಡಿ ಬೇಕೆಂದರೆ ಹತ್ತು ಮೀಟರ್ ಮೇಲೆ ಬೇಕು. ಹ್ಯಾಮ್‌ಸ್ಟಿಕ್ ಬರೀ ಎರಡು ಮೀಟರ್ ಚಿಲ್ಲರೆ. ಕೆಳಗಿನ ಫೈಬರ್‌ಗ್ಲಾಸ್ ಕೋಲಿನ ಮೇಲೆ ತಂತಿ ಸುತ್ತಿ ಉಳಿದ ಉದ್ದವನ್ನು ತುಂಬಿಸಿರುತ್ತಾರೆ. ಮೇಲೆ ಸ್ಟೀಲ್ ವಿಪ್, ಅಂದರೆ ಬಳುಕುವ ತೆಳು ಕಡ್ಡಿ. ಅದನ್ನು ಮೇಲೆ ಕೆಳಗೆ ಸರಿಸಿ ಟ್ಯೂನ್ ಮಾಡಬೇಕು. ಇಷ್ಟು ಗಿಡ್ಡ ಕಡ್ಡಿಯ ರೇಡಿಯೇಷನ್ ರೆಸಿಸ್ಟೆನ್ಸ್ (ಗಾಳಿಗೆ ಹೋಗುವ ಶಕ್ತಿಯ ಪಾಲನ್ನು ತೋರಿಸುವ ಓಮ್) 40 ಮೀಟರ್‌ನಲ್ಲಿ ಒಂದೆರಡು ಓಮ್ ಮಾತ್ರ. ಕಾಯಿಲ್ ಮತ್ತು ನೆಲದ ನಷ್ಟ ಸೇರಿದರೆ ಇಪ್ಪತ್ತು, ಮೂವತ್ತು ಓಮ್ ಆರಾಮಾಗಿ ದಾಟುತ್ತದೆ. ಲೆಕ್ಕ ಹಾಕಿ ನೋಡಿ: ರಿಗ್‌ನಿಂದ (ರೇಡಿಯೋ ಸೆಟ್‌ನಿಂದ) 100 ವ್ಯಾಟ್ ಹೊರಟರೆ ಗಾಳಿಗೆ ಸೇರುವುದು ನಾಲ್ಕೈದು ವ್ಯಾಟ್. ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ. 20 ಮೀಟರ್‌ನಲ್ಲಿ ಅದೇ ಉದ್ದದ ಕಡ್ಡಿ ಎಷ್ಟೋ ಮೇಲು, ಯಾಕೆಂದರೆ ತರಂಗವೇ ಅರ್ಧ ಉದ್ದದ್ದು.

ಕೂರಿಸುವ ವಿಷಯಕ್ಕೆ ಬರೋಣ. ಮ್ಯಾಗ್ನೆಟ್ ಮೌಂಟ್ ವಿಎಚ್‌ಎಫ್‌ಗೆ ಸರಿ. 40 ಮೀಟರ್‌ಗೆ ಬೇಡ. ಬಣ್ಣದ ಪದರದ ಮೇಲೆ ಕೂತ ಮ್ಯಾಗ್ನೆಟ್‌ಗೂ ಗಾಡಿಯ ಮೈಗೂ ನೇರ ಸಂಪರ್ಕ ಇರುವುದಿಲ್ಲ, ಬರೀ ಕೆಪ್ಯಾಸಿಟರ್ ತರಹದ ಜೋಡಣೆ. ಅಷ್ಟು ಕೆಳಗಿನ ಫ್ರೀಕ್ವೆನ್ಸಿಗೆ ಅದು ಸಾಲದು. ಆಗ ಕೋಆಕ್ಸ್ ಕೇಬಲ್‌ನ ಹೊರಮೈಯೇ ಆಂಟೆನಾದ ಭಾಗ ಆಗಿಬಿಡುತ್ತದೆ. ಮೈಕ್ ಹಿಡಿದ ಕೈಗೆ ಚುರುಕು ಮುಟ್ಟುತ್ತದೆ, ಡ್ಯಾಶ್‌ಬೋರ್ಡ್ ದೀಪಗಳು ಮಾತಿನ ಜೊತೆ ಕುಣಿಯುತ್ತವೆ.

ನಾನು ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಎಲ್ ಆ್ಯಂಗಲ್‌ನ ಬ್ರಾಕೆಟ್ ಮಾಡಿಸಿ, ಹಿಂದಿನ ಎಡ ಮೂಲೆಯಲ್ಲಿ ಸೊಂಟದ ಎತ್ತರಕ್ಕೆ ಬರುವ ಹಾಗೆ ಚಾಸಿಗೆ ಬೋಲ್ಟ್ ಹಾಕಿಸಿದ್ದೇನೆ. ಸ್ಟೆಪ್ನಿ ಹಿಂದಿನ ಬಾಗಿಲಿಗೆ ಇರುವುದರಿಂದ ಬಾಗಿಲ ಮೇಲೆ ಏನನ್ನೂ ಕೂರಿಸುವ ಹಾಗಿಲ್ಲ. ಬಂಪರ್‌ನಷ್ಟು ಕೆಳಗೆ ಹಾಕಬಹುದಿತ್ತು. ಆದರೆ ಸ್ಕ್ರೂಡ್ರೈವರ್‌ನ ಕಾಯಿಲ್ ಗಾಡಿಯ ಮೈ ಪಕ್ಕದಲ್ಲೇ ಅಡಗಿದರೆ ಅರ್ಧ ಶಕ್ತಿ ಅಲ್ಲೇ ಮುಗಿಯುತ್ತದೆ. ಕಾಯಿಲ್ ಚಾವಣಿಯ ಮಟ್ಟಕ್ಕಾದರೂ ಬರಬೇಕು.

ಆಮೇಲೆ ಬಾಂಡಿಂಗ್, ಅಂದರೆ ಗಾಡಿಯ ಲೋಹದ ಭಾಗಗಳನ್ನು ಒಂದಕ್ಕೊಂದು ಜೋಡಿಸುವುದು. ಬೊಲೆರೊದಲ್ಲಿ ಬಾಡಿ ಬೇರೆ, ಚಾಸಿ ಬೇರೆ. ನಡುವೆ ರಬ್ಬರ್ ಬುಷ್. ಕಬ್ಬಿಣದ ಗಾಡಿ ಅಂದಮಾತ್ರಕ್ಕೆ ಆರ್‌ಎಫ್‌ಗೆ (ರೇಡಿಯೋ ಸಿಗ್ನಲ್‌ನ ಕರೆಂಟಿಗೆ) ಅದು ಒಂದೇ ತುಂಡಲ್ಲ. ಬಾನೆಟ್, ಹಿಂದಿನ ಬಾಗಿಲು, ಸೈಲೆನ್ಸರ್ ಪೈಪ್, ಬಾಡಿಯಿಂದ ಚಾಸಿಗೆ ಕೆಲವು ಕಡೆ, ಎಲ್ಲ ಕಡೆ ಅಗಲವಾದ ತಾಮ್ರದ ಹೆಣಿಗೆ ಪಟ್ಟಿ ಹಾಕಿದೆ. ಪಟ್ಟಿ ಗಿಡ್ಡ ಇದ್ದಷ್ಟೂ ಒಳ್ಳೆಯದು. ಬಣ್ಣ ಕೆರೆದು, ಹಲ್ಲಿರುವ ವಾಷರ್ ಹಾಕಿ, ಮೇಲೆ ಗ್ರೀಸ್ ಬಳಿಯಿರಿ. ಮಲೆನಾಡಿನ ಮಳೆ, ಕರಾವಳಿಯ ಉಪ್ಪು ಗಾಳಿ ಎರಡೂ ತಿನ್ನಲು ಕಾಯುತ್ತಿರುತ್ತವೆ.

ಬಾಂಡಿಂಗ್ ಮಾಡುವ ಮೊದಲು ನ್ಯಾನೋ ವಿಎನ್‌ಎ ಅನ್ನುವ ಪುಟ್ಟ ಆಂಟೆನಾ ಮೀಟರ್ ಹಚ್ಚಿ ನೋಡಿದಾಗ 40 ಮೀಟರ್‌ನಲ್ಲಿ ಎಸ್‌ಡಬ್ಲ್ಯೂಆರ್ 1.3 ಇತ್ತು. ಆಂಟೆನಾ ರಿಗ್‌ನ 50 ಓಮ್‌ಗೆ ಎಷ್ಟು ಹೊಂದುತ್ತದೆ ಅನ್ನುವ ಅಳತೆ ಇದು, 1 ಅಂದರೆ ಪೂರ್ತಿ ಹೊಂದಿಕೆ. ನೋಡಲು ಚೆಂದ. ಎಲ್ಲ ಪಟ್ಟಿ ಬಿಗಿದ ಮೇಲೆ ಅದು 1.8ಕ್ಕೆ ಏರಿತು! ಅದೇ ಹೊತ್ತಿಗೆ ಬೆಂಗಳೂರಿನವರ ರಿಪೋರ್ಟ್ ಉತ್ತಮವಾಯಿತು. ಕಾರಣ ಸರಳ. ಗಿಡ್ಡ ಆಂಟೆನಾ ನೇರವಾಗಿ 50 ಓಮ್ ತೋರಿಸಿತೆಂದರೆ ಅದರಲ್ಲಿ ಬಹುಪಾಲು ನಷ್ಟದ ಓಮ್. ನಷ್ಟ ಕಡಿಮೆಯಾದಂತೆ ಓಮ್ ಇಳಿಯುತ್ತದೆ, ಮೀಟರ್ ಮುಳ್ಳು ಏರುತ್ತದೆ. 25 ಓಮ್ ಬಂದರೆ ಎಸ್‌ಡಬ್ಲ್ಯೂಆರ್ 2, ಅಷ್ಟೇ. ಬುಡದಲ್ಲಿ ಆಂಟೆನಾಗೂ ಗಾಡಿಯ ಮೈಗೂ ನಡುವೆ ಸುಮಾರು ಒಂದು ಮೈಕ್ರೋಹೆನ್ರಿಯ ಪುಟ್ಟ ಕಾಯಿಲ್ ಹಾಕಿದರೆ ಸರಿಹೋಗುತ್ತದೆ. ಒಂದಿಂಚು ಅಗಲ, ಒಂದಿಂಚು ಉದ್ದಕ್ಕೆ ಎಂಟು ಸುತ್ತು ದಪ್ಪ ತಾಮ್ರದ ತಂತಿ ಸಾಕು. ‘ನಮ್ಮ ಆಂಟೆನಾ 1.1 ಕೊಡುತ್ತದೆ, ಮ್ಯಾಚಿಂಗ್ ಏನೂ ಬೇಡ’ ಅಂತ 40 ಮೀಟರ್ ಕಡ್ಡಿಗೆ ಜಾಹೀರಾತು ಕಂಡರೆ ನಾನು ಸುಮ್ನೆ ಮುಂದಕ್ಕೆ ಹೋಗುತ್ತೇನೆ.

ಈಗ ಎರಡರ ಹೋಲಿಕೆ. ಹ್ಯಾಮ್‌ಸ್ಟಿಕ್‌ನಲ್ಲಿ ಕೆಡುವಂಥದ್ದು ಏನೂ ಇಲ್ಲ. ಮರದ ಕೊಂಬೆಗೆ ಬಡಿದರೂ ಬಗ್ಗಿ ಎದ್ದು ನಿಲ್ಲುತ್ತದೆ. ಕಿರಿಕಿರಿ ಒಂದೇ: 40 ಮೀಟರ್‌ನಲ್ಲಿ ಒಂದು ಸಲ ಟ್ಯೂನ್ ಮಾಡಿದರೆ ನಲವತ್ತು, ಐವತ್ತು ಕಿಲೋಹರ್ಟ್ಸ್ ಮಾತ್ರ ಓಡಾಡಬಹುದು. ನಮ್ಮ ದೇಶದಲ್ಲಿ ಈ ಬ್ಯಾಂಡ್ 7.000ದಿಂದ 7.200 ಮೆಗಾಹರ್ಟ್ಸ್. ನೆಟ್ (ಗೊತ್ತಾದ ಹೊತ್ತಿಗೆ ಹ್ಯಾಮ್‌ಗಳು ಒಟ್ಟಿಗೆ ಸೇರುವುದು) ಒಂದು ಕಡೆ, ಗೆಳೆಯರ ಹರಟೆ ಇನ್ನೊಂದು ಕಡೆ. ಪ್ರತಿ ಸಲ ಗಾಡಿ ನಿಲ್ಲಿಸಿ ಅಲೆನ್ ಕೀ ಹಿಡಿದು ಇಳಿಯಬೇಕು. ಬ್ಯಾಂಡ್ ಬದಲಿಸಬೇಕಾದರೆ ಕಡ್ಡಿಯನ್ನೇ ಬದಲಿಸಬೇಕು. ಮಳೆಯಲ್ಲಿ ಯಾರಿಗೆ ಬೇಕು ಈ ಕೆಲಸ, ಅಲ್ವಾ?

ಸ್ಕ್ರೂಡ್ರೈವರ್ ಗೆಲ್ಲುವುದು ಇಲ್ಲೇ. ಕ್ಯಾಲಿಫೋರ್ನಿಯಾದ ಹ್ಯಾಮ್ ಡಾನ್ ಜಾನ್ಸನ್ (ರೇಡಿಯೋ ಕರೆಹೆಸರು ಡಬ್ಲ್ಯೂ6ಎಎಕ್ಯೂ) ಬ್ಯಾಟರಿ ಸ್ಕ್ರೂಡ್ರೈವರ್‌ನ ಮೋಟರ್ ಬಳಸಿ ಜನಪ್ರಿಯ ಮಾಡಿದ ವಿನ್ಯಾಸ ಇದು. ಸೀಟಿನಲ್ಲೇ ಕೂತು ಗುಂಡಿ ಒತ್ತಿದರೆ ಮೋಟರ್ ಕಾಯಿಲನ್ನು ಕೊಳವೆಯಿಂದ ಮೇಲೆ ತಳ್ಳುತ್ತದೆ. ಎಷ್ಟು ಸುತ್ತು ಹೊರಗೆ ಬಂತೋ ಅಷ್ಟು ಕೆಳಗಿನ ಫ್ರೀಕ್ವೆನ್ಸಿ. 40ರಿಂದ 20ಕ್ಕೆ ಹೋಗಲು ಒಂದು ನಿಮಿಷವೂ ಬೇಡ. ರಿಗ್ ಮಾಡುವ ಯಾಯೆಸು (Yaesu) ಕಂಪನಿಯ ಅಟಾಸ್-120ಎ ಕೂಡ ಇದೇ ಜಾತಿ. ಅದರ ಮೋಟರ್‌ಗೆ ಕರೆಂಟ್ ಕೋಆಕ್ಸ್‌ನಲ್ಲೇ ಹೋಗುತ್ತದೆ, ಅದೇ ಕಂಪನಿಯ ಎಫ್‌ಟಿ-891ನಂಥ ರಿಗ್ ಇದ್ದರೆ ತಾನಾಗಿ ಟ್ಯೂನ್ ಆಗುತ್ತದೆ. ಗಿಡ್ಡ, ನಗರದೊಳಗೆ ಅನುಕೂಲ. ನನ್ನದು ಬೇರೊಂದು ಕಡೆಯದು, ದೊಡ್ಡ ಕಾಯಿಲ್, ಪ್ರತ್ಯೇಕ ಸ್ವಿಚ್, ವಿಪ್ ಸೇರಿ ಎರಡೂವರೆ ಮೀಟರ್.

ಒಂದೇ ಬ್ರಾಕೆಟ್, ಒಂದೇ ರಿಗ್ ಇಟ್ಟು ಹೋಲಿಸಿದರೆ 40 ಮೀಟರ್‌ನಲ್ಲಿ ಸ್ಕ್ರೂಡ್ರೈವರ್ ಅರ್ಧ ಎಸ್ ಯೂನಿಟ್ (ಕೇಳುವವರ ಸಿಗ್ನಲ್ ಮೀಟರ್‌ನ ಅಳತೆ) ಮುಂದೆ, ಕೆಲವೊಮ್ಮೆ ಒಂದು. 20ರಲ್ಲಿ ಕೇಳುವವರಿಗೆ ಏನೂ ಗೊತ್ತಾಗುವುದಿಲ್ಲ. ಬಾಂಡಿಂಗ್‌ನಿಂದ ಆದ ಲಾಭ ಇದಕ್ಕಿಂತ ಜಾಸ್ತಿ, ಖರ್ಚು ಒಂದು ಹೋಟೆಲ್ ಊಟದಷ್ಟು.

ಸ್ಕ್ರೂಡ್ರೈವರ್ ಸಾಕುವುದು ಸುಲಭವಲ್ಲ. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನದರ ಕಾಯಿಲ್ ಮುಟ್ಟುವ ತಾಮ್ರದ ಬೆರಳುಗಳು ಕಪ್ಪಾಗಿ ಎಸ್‌ಡಬ್ಲ್ಯೂಆರ್ ಕುಣಿಯತೊಡಗಿತು. ಮುಂದಿನ ಮಳೆಗೆ ಮೋಟರ್ ಒಳಗೆ ನೀರು ಸೇರಿ ಬಿಗಿದುಕೊಂಡಿತು. ಅಡಿಯಲ್ಲಿ ನೀರು ಹೋಗುವ ತೂತು ಕೆಸರಿನಿಂದ ಮುಚ್ಚಿತ್ತು. ಮಾರಿದವರಿಗೆ ಬರೆದರೆ ‘ಮಳೆಯಲ್ಲಿ ಕವರ್ ಹಾಕಿ’ ಅಂತ ಉತ್ತರ. ಕವರ್ ಹಾಕಿಕೊಂಡು ಆಗುಂಬೆಗೆ ಹೋಗುವುದು ಹೇಗೆ ಸ್ವಾಮಿ? ಈಗ ಮೇ ತಿಂಗಳಲ್ಲೇ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಸ್ಕ್ರೂಗೆ ಮಾತ್ರ ಗ್ರೀಸ್ ಹಚ್ಚಿ ಮುಚ್ಚುತ್ತೇನೆ. ಬೆರಳುಗಳಿಗೆ ಗ್ರೀಸ್ ಬೇಡ.

ರಿಗ್‌ನಲ್ಲಿ ಕೇಳುವ ಗದ್ದಲದ ವಿಷಯ ಬೇರೆ. ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ ಕಾಟ ಇಲ್ಲ, ಆದರೆ ಅಗ್ಗದ ಯುಎಸ್‌ಬಿ ಚಾರ್ಜರ್ ಮತ್ತು ಡ್ಯಾಶ್ ಕ್ಯಾಮೆರಾ ಸೇರಿ 40 ಮೀಟರ್‌ನ್ನೇ ಮುಚ್ಚಿಬಿಡುತ್ತವೆ. ಕಿತ್ತು ನೋಡಿ, ಆಮೇಲೆ ರಿಗ್‌ಗೆ ಬೈಯಿರಿ. ರಿಗ್‌ನ ಕರೆಂಟ್ ವೈರ್ ನೇರ ಬ್ಯಾಟರಿಯಿಂದ ಬರಲಿ, ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ಮಾತಾಡುವಾಗ ಇಪ್ಪತ್ತು ಆಂಪಿಯರ್ ದಾಟುತ್ತದೆ.

ಚೆಕ್‌ಪೋಸ್ಟ್‌ನಲ್ಲಿ ‘ಏನ್ರೀ ಇದು, ಮೀನಿಗೆ ಗಾಳನಾ?’ ಅಂತ ಕೇಳುತ್ತಾರೆ. ಲೈಸೆನ್ಸ್ ಪ್ರತಿ ಗಾಡಿಯಲ್ಲೇ ಇಟ್ಟಿರಿ. ಗಾಡಿ ನಿಂತಾಗ ಮಕ್ಕಳು ವಿಪ್ ಹಿಡಿಯದ ಹಾಗೆ ನೋಡಿಕೊಳ್ಳಿ. 100 ವ್ಯಾಟ್‌ಗೆ ಅದರ ತುದಿಯಲ್ಲಿ ಬೆರಳು ಸುಡುವಷ್ಟು ವೋಲ್ಟೇಜ್ ಇರುತ್ತದೆ.

ಹೊಸದಾಗಿ ಶುರು ಮಾಡುವವರಿಗೆ 20ಕ್ಕೊಂದು, 40ಕ್ಕೊಂದು ಹ್ಯಾಮ್‌ಸ್ಟಿಕ್ ಸಾಕು. ಉಳಿದ ದುಡ್ಡನ್ನು ಬ್ರಾಕೆಟ್‌ಗೂ ಪಟ್ಟಿಗೂ ಹಾಕಿ. ದಿನಾ ಬ್ಯಾಂಡ್ ಬದಲಿಸುವವರು, ಬಿಚ್ಚಿ ತೊಳೆಯುವ ತಾಳ್ಮೆ ಇರುವವರು ಸ್ಕ್ರೂಡ್ರೈವರ್ ಕೊಳ್ಳಿ. ಹ್ಯಾಮ್‌ಸ್ಟಿಕ್ ಬಗೆಯ ಕಡ್ಡಿಗಳನ್ನು ಮಾಡುತ್ತಿದ್ದ ಅಮೆರಿಕದ ಎಂಎಫ್‌ಜೆ ಕಂಪನಿ 2024ರ ಮೇ ತಿಂಗಳಲ್ಲಿ ತನ್ನ ಕಾರ್ಖಾನೆಯಲ್ಲಿ ತಯಾರಿಕೆ ನಿಲ್ಲಿಸಿತು. ಆದ್ದರಿಂದ ಹಳೇ ದಾಸ್ತಾನು, ಸೆಕೆಂಡ್ ಹ್ಯಾಂಡ್ ಅಥವಾ ಬೇರೆಯವರ ಮಾಲು ಹುಡುಕಬೇಕು. ಆಂಟೆನಾ ಬುಡದ ತಿರುಪು (ಥ್ರೆಡ್) 3/8 ಇಂಚು, ಇಂಚಿಗೆ 24 ಎಳೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಎಂ10 ಬೋಲ್ಟ್ ಕೊಟ್ಟು ‘ಇದೇ ಆಗುತ್ತೆ’ ಅನ್ನುತ್ತಾರೆ. ಆಗುವುದಿಲ್ಲ. ಪೀಣ್ಯದ ಯಾವುದಾದರೂ ಲೇತ್ ಅಂಗಡಿಯಲ್ಲಿ ‘3/8 ಯುಎನ್‌ಎಫ್’ ಅಂತ ಹೇಳಿ, ಮಾಡಿಕೊಡುತ್ತಾರೆ.