ಕ್ಯಾಡ್ ಕೋರ್ಸ್: ಮೂರು ವರ್ಷ ಕೆಲಸ ಮಾಡಿದ ಮೇಲೆ ಬರೆಯುತ್ತಿರುವ ವಿಮರ್ಶೆ

ಮೆಕ್ಯಾನಿಕಲ್ ಡಿಪ್ಲೊಮಾ ಆದ ಮೇಲೆ ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಸಂಸ್ಥೆ ಸೇರಿ ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್ ಮಾಡುವ (ಕ್ಯಾಡ್) ಸಾಫ್ಟ್‌ವೇರ್‌ಗಳಾದ ಆಟೋಕ್ಯಾಡ್, ಸಾಲಿಡ್‌ವರ್ಕ್ಸ್ ಕಲಿತೆ. ಈಗ ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ (ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಕಾರ್ಖಾನೆ) ಡ್ರಾಯಿಂಗ್ ಕೆಲಸ. ಕೋರ್ಸ್ ಮುಗಿದ ವಾರವೇ ಬರೆದಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ. ಈಗ ಮೂರು.

ಕಮಾಂಡ್‌ಗಳನ್ನು ಚೆನ್ನಾಗಿ ಕಲಿಸಿದರು. ಲೇಯರ್, ಬ್ಲಾಕ್, ಡೈಮೆನ್ಶನ್ ಸ್ಟೈಲ್ ಎಲ್ಲ ಕೈಗೆ ಕೂತಿದೆ. ಆದರೆ ಫೌಂಡ್ರಿಗೆ ಬೇಕಾದದ್ದು ಇಷ್ಟೇ ಅಲ್ಲ. ಗ್ರಾಹಕರು ಕಳಿಸುವುದು ಪೂರ್ತಿ ತಯಾರಾದ ಭಾಗದ ಡ್ರಾಯಿಂಗ್. ಅದರಿಂದ ಪ್ಯಾಟರ್ನ್‌ನ, ಅಂದರೆ ಉಸುಕಿನಲ್ಲಿ ಅಚ್ಚು ಮೂಡಿಸುವ ಮಾದರಿಯ, ಡ್ರಾಯಿಂಗ್ ನಾವು ಮಾಡಬೇಕು. ಗ್ರೇ ಐರನ್ (ಒಂದು ಬಗೆಯ ಎರಕದ ಕಬ್ಬಿಣ) ಆರುವಾಗ ಸುಮಾರು 1% ಕುಗ್ಗುತ್ತದೆ. 300 ಮಿ.ಮೀ. ಉದ್ದ ಬೇಕಿದ್ದರೆ ಪ್ಯಾಟರ್ನ್ 303 ಇರಬೇಕು. ಮಷಿನಿಂಗ್ ಆಗುವ ಕಡೆ ಇನ್ನಷ್ಟು ಲೋಹ ಬಿಡಬೇಕು. ಬದಿಗಳಿಗೆ ಸ್ವಲ್ಪ ಇಳಿಜಾರೂ ಬೇಕು. ಇದನ್ನು ಹೇಳಿಕೊಟ್ಟವರು ನಮ್ಮ ಪ್ಯಾಟರ್ನ್ ಶಾಪ್‌ನ ಕಾಕಾ: "ತಮ್ಮಾ, ಗೋಡಿ ನೆಟ್ಟಗಿದ್ರ ಪ್ಯಾಟರ್ನ್ ಎತ್ತುವಾಗ ಉಸುಕು ಕುಸಿತೈತಿ."

ಸಂಸ್ಥೆಯಲ್ಲಿ ಒಬ್ಬ ಸರ್ ಮಾತ್ರ ಬೇರೆ ಥರ ಇದ್ದರು. ಮೇಜಿನ ಮೇಲೆ ಹಳೆಯ ಬೇರಿಂಗ್ ಹೌಸಿಂಗ್ ಇಟ್ಟು, ವರ್ನಿಯರ್ (ಸೂಕ್ಷ್ಮವಾಗಿ ಅಳೆಯುವ ಉಪಕರಣ) ಕೊಟ್ಟು, ಮೊದಲು ಕೈಯಲ್ಲೇ ಮೂರು ವ್ಯೂ (ಎದುರಿನಿಂದ, ಮೇಲಿನಿಂದ, ಬದಿಯಿಂದ ಕಾಣುವ ನೋಟ) ಬರೆಸುತ್ತಿದ್ದರು. 25 ಎಚ್7 ಅಂದರೆ ರಂಧ್ರ 25.000ದಿಂದ 25.021 ಮಿ.ಮೀ. ಒಳಗೇ ಇರಬೇಕು ಎಂದು ಹೇಳಿಕೊಟ್ಟರು. ವ್ಯೂಗಳನ್ನು ಹಾಳೆಯಲ್ಲಿ ಜೋಡಿಸುವ ಕ್ರಮ ನಮ್ಮಲ್ಲಿ ಫಸ್ಟ್ ಆ್ಯಂಗಲ್, ಅಮೆರಿಕದ ಡ್ರಾಯಿಂಗ್‌ಗಳಲ್ಲಿ ಥರ್ಡ್ ಆ್ಯಂಗಲ್. ಹಾಗಾಗಿ ಮೊದಲು ಟೈಟಲ್ ಬ್ಲಾಕ್‌ನ (ಡ್ರಾಯಿಂಗ್‌ನ ವಿವರ ಬರೆದಿರುವ ಚೌಕ) ಗುರುತು ನೋಡಿ ಎನ್ನುತ್ತಿದ್ದರು. ನನಗೆ ಇವತ್ತಿಗೂ ಅನ್ನ ಹಾಕುತ್ತಿರುವುದು ಆ ಪಾಠಗಳೇ. ಮೂರು ಸ್ಟಾರ್‌ನಲ್ಲಿ ಎರಡು ಅವರವು.

"ಕೆಲಸ ಗ್ಯಾರಂಟಿ" ಅನ್ನೋ ಮಾತನ್ನು ನಂಬಬೇಡಿ. ನಮ್ಮ ಬ್ಯಾಚ್‌ನವರನ್ನು ಕಾಲ್ ಸೆಂಟರ್ ಸಂದರ್ಶನಕ್ಕೆ ಕಳಿಸಿದರು. ಸಾಲ ಮಾಡಿ ಫೀ ಕಟ್ಟಿದ ಮನೆಯವರಿಗೆ ಇದು ಅನ್ಯಾಯ. ನಾನು ಕೆಲಸ ಕೇಳಿದ ಕಡೆ ಸರ್ಟಿಫಿಕೇಟ್ ಯಾರೂ ನೋಡಲಿಲ್ಲ. ಒಂದು ಭಾಗ ಕೈಗೆ ಕೊಟ್ಟು "ಬರಿ" ಅಂದರು, ಅಷ್ಟೇ.

ಫೀ ಕಟ್ಟುವ ಮುಂಚೆ ಒಂದು ತರಗತಿಯಲ್ಲಿ ಕೂತು ನೋಡಿ. ಅಲ್ಲಿ ವರ್ನಿಯರ್ ಇದೆಯೇ, ನಿಜವಾದ ಭಾಗ ಕೊಟ್ಟು ಬರೆಸುತ್ತಾರೆಯೇ ಅಂತ ಗಮನಿಸಿ. ಹತ್ತನೇ ತರಗತಿ ಮುಗಿಸಿದವರಿಗೆ ಐಟಿಐನ ಎರಡು ವರ್ಷದ ಡ್ರಾಫ್ಟ್ಸ್‌ಮನ್ ಕೋರ್ಸ್ ಕೂಡ ಇದೆ, ಅದನ್ನೂ ವಿಚಾರಿಸಿ.

ಸಂಸ್ಥೆಯವರಲ್ಲಿ ಒಂದು ಕೋರಿಕೆ. ಪ್ರತಿ ಬ್ಯಾಚನ್ನೂ ಒಂದು ದಿನ ಫೌಂಡ್ರಿಗೆ, ಮಷಿನ್ ಶಾಪ್‌ಗೆ ಕರೆದುಕೊಂಡು ಹೋಗಿ. ಟಿಳಕವಾಡಿಯಿಂದ ಉದ್ಯಮಬಾಗ ದೂರವೇನಲ್ಲ.